ಮರುಭೂಮಿಯ ಬಂಡೆಗಳ ನಡುವೆ ಒಂದು ದಿನ

ಮರುಭೂಮಿಯೆಂದೊಡನೆ ನಮ್ಮಲ್ಲಿ ಹಲವರ ಕಣ್ಣಮುಂದೆ ನಿಲ್ಲುವುದು ದೃಷ್ಟಿ ಹಾಯುವವರೆಗೂ ಹಬ್ಬಿದ ಮರಳು, ಅದರ ಮೇಲೆ ಸಾಲುಗಟ್ಟಿ ನಡೆಯುವ ಒಂಟೆಗಳು, ದೂರದಲ್ಲಿ ನೀರಿನಂತೆ ತೋರುವ ಮೃಗತೃಷ್ಣೆ, ಇಷ್ಟೆ. ಸಂಸ್ಕೃತದಲ್ಲಿ 'ಮರು' ಶಬ್ದವನ್ನು ಸಾಯುವುದೆಂಬ ಅರ್ಥದ 'ಮೃ' ಧಾತುವಿನಿಂದ ಸಾಧಿಸಿ, ಎಲ್ಲಿ ಪ್ರಾಣಿಗಳು ನೀರಿಲ್ಲದೆ ಸಾಯುವುವೋ ಅದೇ ಮರುವೆಂದು ಶಾಬ್ದಿಕರು ನಿರ್ವಚನ ಹೇಳುವರು. ಇತ್ತ ಅಮರಸಿಂಹನು ತನ್ನ ಕೋಶದಲ್ಲಿ ನೀರಿಗೆ ಕೊಟ್ಟಿರುವ ಹೆಸರುಗಳಲ್ಲಿ 'ಜೀವನ' ಎಂಬುದೂ ಒಂದು. ಈ ಎರಡು ಶಬ್ದಗಳನ್ನು ನಾವು ಬಳ್ಳಾರಿ ಸೀಮೆಯ ಪಾಠಶಾಲೆಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆವು. ಇವೆರಡನ್ನೂ ಜತೆಯಲ್ಲಿಟ್ಟುಕೊಂಡು ಒಂದು ಹಗಲೆಲ್ಲ ನಡೆಯುವ ಸಂದರ್ಭವು ಒದಗಿದುದು ನಿವೃತ್ತಿಯ ತರುವಾಯ, ಅದೂ ಕಡಲಾಚೆಯ ಅಮೆರಿಕಾ ದೇಶದಲ್ಲಿ. ಮಕ್ಕಳು ಮೊಮ್ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗಿಬರುವ ಹಿರಿಯರು ನಮ್ಮ ನಾಡಿನಲ್ಲಿ ಈಗ ಬಹು ಮಂದಿ ಇರುವುದರಿಂದ, ಆ ದಿನದ ವೃತ್ತಾಂತವು ಅವರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆದಿದ್ದೇವೆ.

ಕ್ಯಾಲಿಫೋರ್ನಿಯಾ ಸಂಸ್ಥಾನದ ದಕ್ಷಿಣಭಾಗದಲ್ಲಿ, ಲಾಸ್ ಏಂಜಲೀಸ್ ಮಹಾನಗರಕ್ಕೆ ಪೂರ್ವದಲ್ಲಿ ಸುಮಾರು ನೂರಮೂವತ್ತು ಮೈಲಿ ದೂರಕ್ಕೆ, 'ಜೋಷುವಾ ಟ್ರೀ' ಎಂಬ ರಾಷ್ಟ್ರೀಯ ಉದ್ಯಾನವಿರುವುದು. ಉದ್ಯಾನವೆಂದರೆ ಹೂವಿನ ಪಾತಿಗಳನ್ನೂ ಕಾರಂಜಿಯನ್ನೂ ನಿರೀಕ್ಷಿಸಬಾರದು. ಎಂಟು ಲಕ್ಷ ಎಕರೆಗೆ ಸ್ವಲ್ಪವೇ ಕಡಮೆಯಾದ ಬರಿಯ ಮರುಭೂಮಿ, ಬೆಟ್ಟ, ಬಂಡೆ. ಮೊಹಾವಿ ಮತ್ತು ಕೊಲೊರಾಡೋ ಎಂಬ ಎರಡು ಮರುಭೂಮಿಗಳು ಇಲ್ಲಿ ಒಂದನ್ನೊಂದು ಸಂಧಿಸುವುವು. ಪಶ್ಚಿಮದ ಮೊಹಾವಿ ಭಾಗವು ಎತ್ತರವಾದುದು. ನಾವು ನಡೆದ ಸ್ಥಳವು ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕು ಸಾವಿರ ಅಡಿ ಮೇಲಿರುವುದು. ಆದುದರಿಂದ ಚಳಿಗಾಲದಲ್ಲಿ ಅಲ್ಲಿ ಹಿಮವು ಬೀಳುವುದೂ ಉಂಟು.

ನಮ್ಮ ಮಗನು ಆ ಪ್ರಾಂತದಲ್ಲಿ ಉದ್ಯೋಗದಲ್ಲಿರುವನು. ಮಾರ್ಚಿ ತಿಂಗಳ ಕಡೆಯ ಶನಿವಾರ, ಬೆಳಗಿನ ಜಾವಕ್ಕೆ ಎದ್ದು ನಾವು ಐವರು ಮೋಟಾರಿನಲ್ಲಿ ಹೊರಟೆವು: ನಾವು, ನಮ್ಮ ಮನೆಯಾಕೆ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ. ನಡೆಯಬೇಕೆಂದಿದ್ದ ದಾರಿಯು 'ವಿಲೋ ಹೋಲ್' ಎಂಬ ಕೊಳದವರೆಗೆ. ಹೋಗಿಬರಲು ಏಳು ಮೈಲಿ, ಬಹುಮಟ್ಟಿಗೆ ಸಮನೆಲ. ಮಳೆಗಾಲದ ನೀರು ಬಂಡೆಗಳ ನಡುವೆ ನಿಂತು, ಅದರ ಸುತ್ತ ವಿಲೋ ಎಂಬ ಮರಗಳು ಬೆಳೆದಿರುವ ತಾಣವದು. ಅಲ್ಲಿಗೆ ದೊಡ್ಡಕೊಂಬಿನ ಕಾಡುಕುರಿಗಳು ನೀರು ಕುಡಿಯಲು ಬರುವುವೆಂದು ಹುಡುಗನು ಎಲ್ಲಿಯೋ ಓದಿ, ಎರಡು ವಾರಗಳಿಂದ ಮನೆಯಲ್ಲಿ ಬೇರೊಂದು ಮಾತನ್ನೇ ಆಡಿರಲಿಲ್ಲ.

ಉದ್ಯಾನದ ಒಳಭಾಗದಲ್ಲಿ ಬಹುತೇಕ ಎಲ್ಲಿಯೂ ಕುಡಿಯುವ ನೀರು ದೊರೆಯದು. ಆಳಿಗೆ ದಿನವೊಂದಕ್ಕೆ ಒಂದು ಗ್ಯಾಲನ್, ಎಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಮೆ, ನೀರನ್ನಾದರೂ ತರಬೇಕೆಂದು ಅಲ್ಲಿಯ ಅಧಿಕಾರಿಗಳು ಯಾತ್ರಿಕರಿಗೆ ಹೇಳುವರು. ನಮ್ಮ ಗಾಡಿಯಲ್ಲಿ ಐದು ಗ್ಯಾಲನ್ ಇದ್ದಿತು. ಅದರಲ್ಲಿ ಹನ್ನೆರಡು ಲೀಟರನ್ನು ಬೆನ್ನಚೀಲಗಳಲ್ಲಿ ಹಂಚಿಕೊಂಡೆವು. ಹೊರಡುವ ಮುನ್ನ ನಮ್ಮ ಸೊಸೆಯು ಎಲ್ಲರನ್ನೂ ನಿಲ್ಲಿಸಿ, "ಮಾವ, ಒಂದು ಮಾತು. ಅರ್ಧ ನೀರು ಮುಗಿದ ಕೂಡಲೇ, ಎಲ್ಲಿದ್ದರೆ ಅಲ್ಲಿಂದ ಹಿಂದಿರುಗಬೇಕು. ಕೊಳ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಸರಿಯೆ" ಎಂದಳು. ನಾವು ಒಪ್ಪಿದೆವು. ಲೆಕ್ಕವಿಡುವ ಕೆಲಸವನ್ನು ಹುಡುಗನಿಗೆ ವಹಿಸಿದೆವು. ಅವನು ಒಂದು ಚಿಕ್ಕ ಪುಸ್ತಕವನ್ನೂ ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಂಡು ಬಹು ಗಂಭೀರನಾಗಿ ಮುಂದೆ ನಡೆದನು.

ಮೊದಲ ಒಂದು ಮೈಲಿಯು ಜೋಷುವಾ ಮರಗಳ ನಡುವಣ ದಾರಿ. ಮರವೆಂಬುದು ಹೆಸರಿಗೆ ಮಾತ್ರ. ಇದು ನಮ್ಮ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆಯ ಬಂಧು. ಕಾಂಡವನ್ನು ಕೊಯ್ದರೆ ಬೇರೆ ಮರಗಳಲ್ಲಿರುವಂತೆ ವರ್ಷಕ್ಕೊಂದು ಬಳೆಯು ಕಾಣುವುದಿಲ್ಲವಾದುದರಿಂದ ವಯಸ್ಸನ್ನು ಎಣಿಸುವುದು ಕಷ್ಟ. ವರ್ಷಕ್ಕೆ ಅರ್ಧ ಅಂಗುಲದಿಂದ ಮೂರು ಅಂಗುಲದವರೆಗೆ ಬೆಳೆಯುವುದೆಂದು ಹೇಳುವರು. ತುದಿಯಲ್ಲಿ ಹೂ ಬಿಟ್ಟ ಮೇಲೆ, ಇಲ್ಲವೆ ತುದಿಯ ಮೊಗ್ಗು ಕೆಟ್ಟ ಮೇಲೆ, ಕೊಂಬೆಯೊಡೆಯುವುದು. ಹೀಗೆ ಒಡೆದೊಡೆದು, ಎರಡೂ ಕೈಗಳನ್ನು ಮೇಲೆತ್ತಿ ನಿಂತ ಮನುಷ್ಯನಂತೆ ಕಾಣುವುದು. ಬೈಬಲಿನ ಜೋಷುವನು ಕೈಯೆತ್ತಿ ದಾರಿ ತೋರಿಸುವಂತಿದೆಯೆಂದು ಮಾರ್ಮನ್ ಮತದ ವಲಸೆಗಾರರು ಈ ಹೆಸರನ್ನಿಟ್ಟರೆಂಬ ಪ್ರತೀತಿಯುಂಟು. ಅವರಿಗಿಂತ ಬಹುಕಾಲ ಮುಂಚಿನಿಂದ ಇಲ್ಲಿ ಬಾಳಿದ ಕವೀಯಾ ಮೊದಲಾದ ಮೂಲನಿವಾಸಿಗಳು ಇದರ ನಾರಿನಿಂದ ಬುಟ್ಟಿಯನ್ನೂ ಪಾದರಕ್ಷೆಯನ್ನೂ ಮಾಡಿಕೊಳ್ಳುತ್ತಿದ್ದರು. ಮೊಗ್ಗನ್ನೂ ಬೀಜವನ್ನೂ ತಿನ್ನುತ್ತಿದ್ದರು.

ನಾವು ಹೋದಾಗ ಕೆಲವು ಮರಗಳಲ್ಲಿ ಹಸುರು ಬೆರೆತ ಬಿಳಿಯ ಹೂಗೊಂಚಲುಗಳಿದ್ದುವು. ಈ ಹೂವಿಗೂ ಒಂದು ಚಿಕ್ಕ ಪತಂಗಕ್ಕೂ ಇರುವ ಸಂಬಂಧವು ಸೋಜಿಗವಾದುದು. ಹೆಣ್ಣುಪತಂಗವು ಒಂದು ಹೂವಿನ ಪರಾಗವನ್ನು ಉಂಡೆಮಾಡಿ ಬಾಯಿಯ ಬಳಿ ಹೊತ್ತು ಮತ್ತೊಂದು ಹೂವಿಗೆ ಹೋಗಿ, ಅದರ ಅಂಡಾಶಯದಲ್ಲಿ ತನ್ನ ಮೊಟ್ಟೆಯನ್ನಿಟ್ಟು, ಆಮೇಲೆ ತಾನೇ ಪರಾಗವನ್ನು ಹೂವಿನ ಶಲಾಕೆಗೆ ಮೆತ್ತುವುದು. ಮರಿಹುಳುಗಳು ಬೀಜಗಳಲ್ಲಿ ಕೆಲವನ್ನು ತಿನ್ನುವುವು; ಉಳಿದುವು ಮರದ ಸಂತತಿಗೆ. ಪತಂಗವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಪತಂಗಕ್ಕೆ ಮನೆಯಿಲ್ಲ. ಇದನ್ನು ಕೇಳಿ ನಮ್ಮ ಮನೆಯಾಕೆಯು, "ಬಾಡಿಗೆ ಕೊಟ್ಟು ಇರುವ ಸಂಸಾರ ಎನ್ನಿ" ಎಂದರು.

ಇಂತಹ ಭೂಮಿಯನ್ನು ಉಳಿಸಿದವರಲ್ಲಿ ಅಗ್ರಗಣ್ಯಳು ಒಬ್ಬ ಗೃಹಿಣಿಯೆಂಬುದನ್ನು ಓದುಗರು, ಅದರಲ್ಲಿಯೂ ಸೋದರಿಯರು, ತಿಳಿಯತಕ್ಕದ್ದು. ಪ್ಯಾಸಡೀನಾ ಪಟ್ಟಣದ ಮಿನರ್ವಾ ಹೋಯ್ಟ್ ಎಂಬ ಈಕೆಯು ಪುತ್ರನನ್ನೂ ಪತಿಯನ್ನೂ ಕಳೆದುಕೊಂಡ ದುಃಖದಲ್ಲಿ ಈ ಮರುಭೂಮಿಯ ಏಕಾಂತದಿಂದ ಸಮಾಧಾನವನ್ನು ಪಡೆದವಳು. ಆ ಕಾಲದಲ್ಲಿ ಜನರು ಇಲ್ಲಿಯ ಕಳ್ಳಿಗಳನ್ನು ಕಿತ್ತು ಗಾಡಿಗಟ್ಟಲೆ ನಗರದ ತೋಟಗಳಿಗೆ ಸಾಗಿಸುತ್ತಿದ್ದರು. ಈಕೆಯು ಮರುಭೂಮಿಯ ಗಿಡಗಳ ಪ್ರದರ್ಶನಗಳನ್ನು ನ್ಯೂಯಾರ್ಕ್, ಬೋಸ್ಟನ್, ಲಂಡನ್ ನಗರಗಳಲ್ಲಿ ಏರ್ಪಡಿಸಿ, ಪ್ರಯೋಜನವಿಲ್ಲದ ಬಂಜರೆಂದು ಜನರು ತಿಳಿದಿದ್ದುದರ ಬೆಲೆಯನ್ನು ತಿಳಿಯಹೇಳಿದಳು. ಆಕೆಯ ಪ್ರಯತ್ನವು ಫಲಿಸಿ, ೧೯೩೬ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ೧೯೯೪ರಲ್ಲಿ ಅದು ರಾಷ್ಟ್ರೀಯ ಉದ್ಯಾನದ ಪದವಿಗೆ ಏರಿತು. ಆದರೂ ಈ ಮರಗಳಿಗೆ ಭಯವು ತಪ್ಪಿಲ್ಲ. ಇಲ್ಲಿಗೆ ಈಶಾನ್ಯದಲ್ಲಿರುವ ಮೊಹಾವಿ ರಕ್ಷಿತಭೂಮಿಯಲ್ಲಿ ೨೦೨೦ರ ಆಗಸ್ಟಿನಲ್ಲಿ ಸಿಡಿಲಿನಿಂದ ಹುಟ್ಟಿದ ಬೆಂಕಿಯು ನಲವತ್ತು ಸಾವಿರ ಎಕರೆಗೂ ಮಿಕ್ಕಿ ಹಬ್ಬಿ, ಹತ್ತು ಲಕ್ಷಕ್ಕೂ ಹೆಚ್ಚು ಜೋಷುವಾ ಮರಗಳನ್ನು ಕೊಂದಿತು. ಲೋಕದ ತಾಪವು ಏರುತ್ತಿರುವುದರಿಂದ ಎಳೆಯ ಸಸಿಗಳು ನಿಲ್ಲುವುದೂ ಕಷ್ಟವಾಗುತ್ತಿರುವುದು.

ಒಂದು ಮೈಲಿಗೆ ಸ್ವಲ್ಪ ಮುಂದೆ ದಾರಿಯು ಕವಲಾಗಿ, ಬಲಗಡೆಯದು 'ವಂಡರ್‌ಲ್ಯಾಂಡ್ ಆಫ್ ರಾಕ್ಸ್', ಎಂದರೆ ಬಂಡೆಗಳ ಅದ್ಭುತಲೋಕವೆಂಬ ಪ್ರದೇಶವನ್ನು ಹೊಕ್ಕಿತು. ನೆಲವು ಮರಳಾಯಿತು, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳದ ಪಾತ್ರವೇ ದಾರಿ. ಎರಡು ಕಡೆಗೂ ಬಂಡೆಯ ಮೇಲೆ ಬಂಡೆ. ಆನೆಯ ಬೆನ್ನಿನಂತಹವು, ಕಣಜದಂತಹವು, ಒಂದರ ಮೇಲೊಂದು ಉರುಟಾದ ಮೂರು ಕಲ್ಲುಗಳನ್ನು ಮಕ್ಕಳು ಆಟಕ್ಕೆ ಪೇರಿಸಿಟ್ಟಂತಹವು. ನಮ್ಮ ಮನೆಯಾಕೆಯು ಸೊಂಟದ ಮೇಲೆ ಕೈಯಿಟ್ಟು ನಿಂತು ಸುತ್ತಲೂ ನೋಡಿ, "ಇದೇನಿದು, ನಮ್ಮ ಆನೆಗೊಂದಿಯನ್ನೇ ತಂದು ಇಲ್ಲಿಟ್ಟಿದ್ದಾರೆ!" ಎಂದರು.

ಆ ಮಾತು ಬರಿಯ ಬೆರಗಿನ ಮಾತಲ್ಲ. ಹಂಪೆ ಆನೆಗೊಂದಿಗಳ ಬಂಡೆಯೂ ಇಲ್ಲಿಯ ಬಂಡೆಯೂ ಕಣಶಿಲೆಯ, ಎಂದರೆ ಗ್ರಾನೈಟ್ ಕಲ್ಲಿನ, ಜಾತಿಗೆ ಸೇರಿದುವು. ವಯಸ್ಸಿನಲ್ಲಿ ಮಾತ್ರ ಅಜ್ಜ ಮೊಮ್ಮಗನಿಗಿಂತ ಹೆಚ್ಚಿನ ಅಂತರ: ನಮ್ಮದು ಸುಮಾರು ೨೫೦ ಕೋಟಿ ವರ್ಷದ್ದು; ಇದು ಸುಮಾರು ೧೦ ಕೋಟಿ ವರ್ಷದ್ದು. ನಮ್ಮಲ್ಲಿ ಊರವರು ಇವು ವಾಲಿಸುಗ್ರೀವರು ಕಾದಾಡುತ್ತ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳೆಂದು ಹೇಳುವುದುಂಟು. ಶಾಸ್ತ್ರಜ್ಞರು ಹೇಳುವ ಬಗೆ ಬೇರೆ. ಭೂಗರ್ಭದ ಕಾದ ಶಿಲಾರಸವು ಮೇಲಕ್ಕೆ ನುಗ್ಗಿ, ನೆಲದೊಳಗೆ ಆಳದಲ್ಲಿಯೇ ನಿಧಾನವಾಗಿ ತಣಿದು ಕಲ್ಲಾಯಿತು. ಮೇಲಣ ಹೊರೆಯು ಯುಗಯುಗಾಂತರದಲ್ಲಿ ಸವೆದು ಹೋದಂತೆ ಈ ಕಲ್ಲು ಅಡ್ಡವಾಗಿಯೂ ಉದ್ದವಾಗಿಯೂ ಸೀಳಿ, ಇಟ್ಟಿಗೆಗಳನ್ನು ಜೋಡಿಸಿದಂತೆ ಚೌಕಚೌಕವಾಯಿತು. ಆಗ ಇಲ್ಲಿಯ ಹವೆಯು ಈಗಿನದಕ್ಕಿಂತ ತೇವವಾಗಿದ್ದಿತು. ಮಳೆಯ ನೀರು ಮಣ್ಣಿನಲ್ಲಿ ಇಳಿದು ಆ ಸೀಳುಗಳನ್ನು ಹೊಕ್ಕು, ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮೆಲ್ಲಮೆಲ್ಲನೆ ಜೇಡಿಯಾಗಿ ಮಾರ್ಪಡಿಸಿತು. ಬೆಲ್ಲದ ಅಚ್ಚನ್ನು ನೀರಿನಲ್ಲಿಟ್ಟರೆ ಮೊದಲು ಕರಗುವುದು ಅದರ ಮೂಲೆಗಳಲ್ಲವೆ? ಮೂಲೆಯು ಮೂರು ಕಡೆಯಿಂದಲೂ ನೀರಿಗೆ ಸಿಕ್ಕುವುದು. ಹಾಗೆಯೇ ಚೌಕದ ಕಲ್ಲುಗಳು ನೆಲದೊಳಗೇ ಉರುಟಾದುವು. ಕಾಲಾಂತರದಲ್ಲಿ ನಾಡು ಒಣಗಿ ಮರುಭೂಮಿಯಾಯಿತು. ಗಿಡದ ಬೇರಿನ ಹಿಡಿತವು ತಪ್ಪಿದ ಮಣ್ಣನ್ನು ಆಗಾಗ ಬಂದ ಪ್ರವಾಹಗಳು ಕೊಚ್ಚಿಕೊಂಡು ಹೋದುವು. ಒಳಗಿದ್ದ ಕಲ್ಲುಗಳು ಹೊರಗೆ ಬಿದ್ದು, ಒಂದರ ಮೇಲೊಂದು ಕುಳಿತುವು. ಆನೆಗೊಂದಿಯ ಬಂಡೆಗಳು ಉರುಟಾದುದೂ ಇದೇ ಬಗೆಯಿಂದಲೆ.

ಹೀಗೆ ನೀರಿಲ್ಲದ ಈ ಊರಿನ ಶಿಲ್ಪಿಯು ನೀರೇ. ಆದರೆ ಆನೆಗೊಂದಿಯ ಬೆಟ್ಟವನ್ನು ಹತ್ತಿ ಕೆಳಗೆ ನೋಡಿದರೆ ತುಂಗಭದ್ರೆ ಕಾಣುವಳು, ಬಾಳೆಯ ತೋಟ ಕಾಣುವುದು, ಬತ್ತದ ಗದ್ದೆ ಕಾಣುವುದು. ಇಲ್ಲಿ ಎಷ್ಟೇ ಎತ್ತರಕ್ಕೆ ಹತ್ತಿದರೂ ಕಾಣುವುದು ಮತ್ತಷ್ಟು ಬಂಡೆ. ಒಂದು ಸಂದಿಯಂತೆಯೇ ಮತ್ತೊಂದು ಸಂದಿ. ಹತ್ತು ಮಾರು ಒಳಹೊಕ್ಕು ಹಿಂದಿರುಗಿ ನೋಡಿದರೆ ಬಂದ ದಾರಿಯೇ ತಿಳಿಯದು. ಮೊಬೈಲು ಫೋನುಗಳು ಇಲ್ಲಿ ಬಹುಪಾಲು ಮೂಕವಾಗಿರುವುವು. ಹೀಗೆ ದಾರಿತಪ್ಪಿ, ಬಿಸಿಲಿಗೆ ಸಿಕ್ಕಿ, ಪ್ರಾಣ ಬಿಟ್ಟವರೂ ಇರುವರು.

ಹನ್ನೊಂದು ಗಂಟೆಯ ವೇಳೆಗೆ ಬಿಸಿಲು ಆ ಕಾಲಕ್ಕೆ ಮೀರಿ ಏರಿದ್ದಿತು. ಮೂರು ಮೈಲಿ ನಡೆದಿದ್ದೆವು. ಹುಡುಗನ ಪುಸ್ತಕದಲ್ಲಿ ನಾಲ್ಕು ಲೀಟರು ಖರ್ಚು, ಎಂಟು ಉಳಿಕೆ. ಕೊಳಕ್ಕೆ ಇನ್ನು ಅರ್ಧ ಮೈಲಿ. ಹುಡುಗನು ಬಾಯಿಗೆ ಕೈಯಡ್ಡವಿಟ್ಟು 'ಓಹೋ' ಎಂದು ಕೂಗಿ ಬಂಡೆಯ ಪ್ರತಿಧ್ವನಿಯನ್ನು ಕೇಳಿ ನಲಿಯುತ್ತಿದ್ದನು. ಮೂರನೆಯ ಸಲ ಕೂಗಿದಾಗ ಮರಳಿ ಬಂದ ಧ್ವನಿಯು ಅವನದಾಗಿರಲಿಲ್ಲ. ಎಲ್ಲರೂ ನಿಂತೆವು. ಬಲಗಡೆಯ ಬಂಡೆಗಳ ಹಿಂದಿನಿಂದ ಯಾರೋ ಕರೆಯುತ್ತಿದ್ದರು.

ಮಗನು ಹೋಗಿ ನೋಡಲು, ಒಬ್ಬ ತರುಣನೂ ಒಬ್ಬ ತರುಣಿಯೂ ಬಂಡೆಯ ನೆರಳಿನಲ್ಲಿದ್ದರು. ಸೂರ್ಯೋದಯವನ್ನು ನೋಡಲೆಂದು ಮುಂಜಾನೆಯೇ ದಾರಿಯನ್ನು ಬಿಟ್ಟು ಬಂಡೆಯನ್ನೇರಿದವರು, ಇಳಿಯುವಾಗ ಬೇರೆ ಸಂದಿಯಲ್ಲಿ ಇಳಿದು, ಆ ಹೊತ್ತಿನವರೆಗೂ ಅಲೆದಿದ್ದರು. ಇಬ್ಬರಿಗೂ ಸೇರಿ ತಂದಿದ್ದುದು ಒಂದು ಚಿಕ್ಕ ಸೀಸೆ. ಅದು ಬರಿದಾಗಿ ಬಹಳ ಹೊತ್ತಾಗಿದ್ದಿತು. ತರುಣಿಯ ಮುಖವು ಕೆಂಪಾಗಿ, ಎದ್ದರೆ ತಲೆ ಸುತ್ತುತ್ತಿದ್ದಿತು. ಸೊಸೆಯು ಆಕೆಯನ್ನು ತಣ್ಣನೆಯ ಮರಳಿನಲ್ಲಿ ಕೂರಿಸಿ, ಕತ್ತಿಗೂ ಹಣೆಗೂ ಒದ್ದೆಯ ಬಟ್ಟೆಯನ್ನು ಹಾಕಿ, ನೀರಿಗೆ ಉಪ್ಪನ್ನೂ ಸಕ್ಕರೆಯನ್ನೂ ನಿಂಬೆಯ ರಸವನ್ನೂ ಬೆರೆಸಿ ಗುಟುಕುಗುಟುಕಾಗಿ ಕುಡಿಸಿದಳು. ಒಮ್ಮೆಗೇ ಕುಡಿದರೆ ವಾಂತಿಯಾಗುವುದೆಂದು ತಡೆದು ತಡೆದು ಕೊಟ್ಟಳು. ನಮ್ಮ ಮನೆಯಾಕೆಯು ಬುತ್ತಿಯನ್ನು ಬಿಚ್ಚಿ ಎಲ್ಲರಿಗೂ ಮೊಸರನ್ನವನ್ನು ಹಂಚಿದರು. ಆ ಹುಡುಗಿಗೆ ಅದು ಏನೆಂದು ತಿಳಿಯದಿದ್ದರೂ, "ಇನ್ನೊಂದು ತುತ್ತು, ಇನ್ನೊಂದು ತುತ್ತು" ಎಂಬ ಅಜ್ಜಿಯ ಕನ್ನಡವು ತಿಳಿದಂತೆ ತೋರಿತು, ಬಟ್ಟಲು ಬರಿದಾಯಿತು.

ಮುಕ್ಕಾಲು ಗಂಟೆ ಕಳೆಯಿತು. ಆಕೆಯು ಎದ್ದು ನಿಲ್ಲುವಂತಾದಳು. ಎಲ್ಲರ ಮನಸ್ಸಿನಲ್ಲಿಯೂ ಕೊಳದ ವಿಚಾರವಿದ್ದರೂ ಯಾರೂ ಅದನ್ನು ಎತ್ತಲಿಲ್ಲ. ಮಗನು ಮೆಲ್ಲನೆ, "ಇವರೆಲ್ಲ ನೆರಳಿನಲ್ಲಿ ಇರಲಿ ಅಪ್ಪಾ. ನಾನು ಇವನನ್ನು ಕರೆದುಕೊಂಡು ಹೋಗಿ ಒಂದು ನೋಟ ತೋರಿಸಿ ಬಂದುಬಿಡುತ್ತೇನೆ" ಎಂದನು. ತಂದೆಯ ಮಾತು ತಂದೆಯ ಮಾತೇ. ಮಗುವಿನ ಆಸೆಯನ್ನು ಬಲ್ಲವನು. ಸೊಸೆಯು ಉತ್ತರ ಹೇಳಲಿಲ್ಲ. ಹುಡುಗನ ಕಡೆಗೆ ನೋಡಿದಳು. ಅವನು ಸೀಸೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆದು, ಕೂಡಿ, ಮತ್ತೊಮ್ಮೆ ಕೂಡಿ, ತಲೆಯನ್ನು ಎತ್ತದೆಯೇ ಹೇಳಿದನು: "ತಾತಾ, ಆರು ಲೀಟರು ಇದೆ. ಅರ್ಧ ಆಯಿತು."

ಅವನು ಏಳು ಎಂದಿದ್ದರೆ ನಾವು ಯಾರೂ ಸೀಸೆಗಳನ್ನು ಎಣಿಸುತ್ತಿರಲಿಲ್ಲ. ಅದು ಅವನಿಗೂ ಗೊತ್ತಿದ್ದಿತು. ಶಾಲೆಯಲ್ಲಿ ಸಾವಿರಾರು ಮಕ್ಕಳ ಲೆಕ್ಕಗಳನ್ನು ತಿದ್ದಿದವರು ನಾವು. ಇಂತಹ ಒಂದು ಲೆಕ್ಕವನ್ನು ನೋಡುವ ಭಾಗ್ಯವು ಹಿಂದೆ ಬಂದಿರಲಿಲ್ಲ. "ಸರಿ, ಹೊರಡೋಣ" ಎಂದೆವು. ಹುಡುಗನು ಒಂದು ಸಲ ಮಾತ್ರ ಕೊಳದ ದಿಕ್ಕಿಗೆ ತಿರುಗಿ ನೋಡಿ, ಚೀಲವನ್ನು ಬೆನ್ನಿಗೇರಿಸಿದನು.

ಹಿಂದಿರುಗುವ ದಾರಿಯು ನಿಧಾನವಾಯಿತು. ಅತಿಥಿಗಳನ್ನು ನಡುವೆ ಇಟ್ಟುಕೊಂಡು, ಅರ್ಧಗಂಟೆಗೊಮ್ಮೆ ಬಂಡೆಯ ನೆರಳಿನಲ್ಲಿ ಕೂರಿಸಿ ನಡೆಸಿದೆವು. ಉದ್ದವಾದ ಕಿವಿಗಳ ಒಂದು ಮೊಲವು ಪೊದೆಯ ಕೆಳಗೆ ಅಲುಗದೆ ಕುಳಿತಿದ್ದಿತು. ಆ ಅಗಲವಾದ ಕಿವಿಗಳ ರಕ್ತನಾಳಗಳಿಂದಲೇ ಅದು ಮೈಯ ಕಾವನ್ನು ಹೊರಗೆ ಬಿಡುವುದಂತೆ. ಮೂರು ಗಂಟೆಗೆ ಗಾಡಿಯನ್ನು ಸೇರಿದಾಗ ಏಳು ಮಂದಿಯ ನಡುವೆ ಉಳಿದಿದ್ದುದು ಒಂದೂವರೆ ಲೀಟರು. ಹುಡುಗನು ಅದನ್ನೂ ಬರೆದುಕೊಂಡನು. ಕೊಳಕ್ಕೆ ಹೋಗಿದ್ದರೆ ಇನ್ನೊಂದು ಮೈಲಿ ಹೆಚ್ಚಾಗುತ್ತಿತ್ತಲ್ಲವೆ ಎಂದು ತಾನೇ ಕೇಳಿ, ತಾನೇ ತಲೆಯಾಡಿಸಿ, ಗಾಡಿಯಲ್ಲಿದ್ದ ನೀರಿನ ದೊಡ್ಡ ಡಬ್ಬವನ್ನು ತೆರೆದು ಮೊದಲ ಲೋಟವನ್ನು ಆ ತರುಣಿಗೆ ಕೊಟ್ಟನು. ಅವರನ್ನು ಅವರ ಗಾಡಿಯ ಬಳಿ ಬಿಟ್ಟು, ಆಕೆಯು ಚೇತರಿಸಿಕೊಂಡಿರುವಳೆಂದು ನೋಡಿಕೊಂಡು, ನಾವು ಮನೆಯ ಕಡೆ ಹೊರಟೆವು.

ನಾವು ಸ್ವದೇಶಕ್ಕೆ ಬಂದ ಮೇಲೆ, ಮುಂದಿನ ಫೆಬ್ರವರಿಯಲ್ಲಿ ಅವರು ಮೂವರೂ ಮತ್ತೆ ಹೋಗಿ ಕೊಳವನ್ನು ಕಂಡು ಬಂದರೆಂದು ಹುಡುಗನು ಕಾಗದ ಬರೆದಿದ್ದಾನೆ. ನೀರು ಪಾದ ಮುಳುಗುವಷ್ಟು ಇದ್ದಿತಂತೆ. ಕುರಿಗಳು ಬರಲಿಲ್ಲವಂತೆ, ಕೆಸರಿನಲ್ಲಿ ಗೊರಸಿನ ಗುರುತುಗಳಿದ್ದುವಂತೆ.

ಇನ್ನು ಹೋಗುವವರಿಗೆ ಕೆಲವು ಮಾತುಗಳು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ನಡೆಯಲು ಅನುಕೂಲವಾದ ಕಾಲ. ಬೇಸಗೆಯಲ್ಲಿ ಹಗಲು ನಡೆಯಲೇಬಾರದು. ವೃದ್ಧರಿಗೂ ಚಿಕ್ಕ ಮಕ್ಕಳಿಗೂ ಒಂದು ಮೈಲಿಯ ಸುತ್ತಿನ 'ಹಿಡನ್ ವ್ಯಾಲಿ' ದಾರಿಯು ಸಾಕು. ಇದೇ ಬಂಡೆಗಳ ಸೊಬಗು ಅಲ್ಲಿಯೂ ಕಾಣುವುದು. ಜೋಷುವಾ ಮರವನ್ನು ಹತ್ತಬಾರದು, ಜೋತಾಡಬಾರದು. ಅದರ ಬೇರು ಆಳಕ್ಕೆ ಹೋದುದಲ್ಲ. ಹೊರಡುವ ಮುನ್ನ ಎಲ್ಲಿಗೆ ಹೋಗುವೆವು, ಎಷ್ಟು ಹೊತ್ತಿಗೆ ಬರುವೆವು ಎಂಬುದನ್ನು ಊರಿನಲ್ಲಿರುವ ಒಬ್ಬರಿಗೆ ತಿಳಿಸಿರಬೇಕು. ಗುಂಪನ್ನು ಒಡೆಯಕೂಡದು; ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಬೇಕು. ಅರ್ಧ ನೀರಿನ ಕಟ್ಟಳೆಯನ್ನು ಮನೆಯಲ್ಲಿಯೇ ಎಲ್ಲರೂ ಕೂಡಿ ಒಪ್ಪಿಕೊಂಡು ಹೊರಟರೆ, ಬಿಸಿಲಿನಲ್ಲಿ ನಿಂತು ವಾದಿಸುವ ಪ್ರಸಂಗ ಬಾರದು. ಚೈತ್ರ ವೈಶಾಖಗಳಲ್ಲಿ ಮಕ್ಕಳನ್ನು ಕರೆದುಕೊಂಡು ಆನೆಗೊಂದಿಯ ಬೆಟ್ಟಗಳನ್ನು ಹತ್ತುವ ನಮ್ಮ ಸೀಮೆಯವರೂ ಇದನ್ನು ಮನಸ್ಸಿನಲ್ಲಿಡಬಹುದು. ಅಲ್ಲಿ ನದಿಯು ಕಣ್ಣಿಗೆ ಕಾಣುವುದು ನಿಜ; ಆದರೆ ನಡುಹಗಲಿನಲ್ಲಿ ಬಂಡೆಯ ನೆತ್ತಿಯ ಮೇಲಿರುವ ಮಗುವಿಗೆ ಅದು ಬಹು ದೂರ.